‘ಇತರೆ ಸುಧಾರಣೆಗಳು’ ಎಂಬ ತಲೆಬರಹದ ಕೆಳಗೆ

ನಾನು ಏನು ಕೆಲಸ ಮಾಡುತ್ತೇನೆಂದು ನಮ್ಮ ಕಡೆಯವರಲ್ಲಿ ಸರಿಯಾಗಿ ಅರ್ಥ ಮಾಡಿಕೊಂಡವಳು ದೊಡ್ಡಮ್ಮ ಒಬ್ಬಳೇ. ಅವಳು ನನ್ನ ಅಮ್ಮನ ಅಕ್ಕ. ಕಿರುಗಾವಲಿನ ಪಕ್ಕದ ಹಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಒಮ್ಮೆ ಮಳವಳ್ಳಿಯ ನಮ್ಮ ಮನೆಗೆ ಬಂದವಳು ಮಹಡಿ ಮೇಲಿನ ನನ್ನ ಕೋಣೆಗೆ ಹತ್ತಿ ಬಂದು, ಉಸಿರು ಸುಧಾರಿಸಿಕೊಂಡು, ಕಂಪ್ಯೂಟರ್ ಪರದೆಯನ್ನು ಬಹಳ ಹೊತ್ತು ನೋಡಿದಳು.

“ಇದ್ನ ನೀನೇ ಮಾಡಿದ್ದಾ?”

“ಇಲ್ಲ ದೊಡ್ಡವ್ವ. ಮಾಡೋರು ಬ್ಯಾರೆ ಅವ್ರೆ. ಅವ್ರು ಏನ್ ಬದಲಾಯಿಸಿದ್ರು ಅಂತ ನಾನು ಬರೀತೀನಿ. ಬಳ್ಸೋರು ಓದ್ಕೊಂಡು ಉಸಾರಾಗಿರ್ಲಿ ಅಂತ.”

“ನೀರ್‌ಗಂಟಿ ಕೆಲ್ಸ ಅನ್ನು,” ಎಂದಳು. “ತೂಬು ಎತ್ತೋಕ್ ಮುಂಚೆ ಬಂದು, ಇವತ್ತು ನಿಮ್ ಕಡೀಕೆ ನೀರು ತಿರುಗುಸ್ತೀನಿ, ಬದ ಕಟ್ಕೊಳಿ ಅಂತ ಯೋಳೋಗ್ತಿದ್ನಲ್ಲ, ಅಂಗೆ. ಅದ್ಕೂ ಕಂಪ್ನಿಯೋರು ಸಂಬ್ಳ ಕೊಟ್ಟಾರಾ? ನಾವು ಎಲ್ಡ್ ಕುಕ್ಕೆ ಬತ್ತ ಕೊಡ್ತಿದ್ದೊ, ಅಸ್ಟೇಯ.”

ನಾಲೆಯ ನೀರನ್ನು ಸರದಿಯ ಪ್ರಕಾರ ಗದ್ದೆಗಳಿಗೆ ಹಂಚುವವನು ನೀರುಗಂಟಿ. ನನ್ನ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಯಾರಿಗೂ ವಿವರಿಸಲು ನನ್ನಿಂದ ಆಗಿಲ್ಲ. ವೆಬ್‌ಸೈಟ್ ಕಟ್ಟುವವರು ಎಲ್ಲವನ್ನೂ ಮೊದಲಿಂದ ಕಟ್ಟುವುದಿಲ್ಲ. ಹೆಸರು ನೋಂದಾಯಿಸುವುದು, ಪಟ್ಟಿ ಮಾಡುವುದು, ಮೆಸೇಜ್ ಕಳಿಸುವುದು, ಇಂಥವನ್ನೆಲ್ಲ ಸಿದ್ಧ ಮಾಡಿಟ್ಟ ಒಂದು ಚೌಕಟ್ಟು ಸಿಗುತ್ತದೆ. ಫ್ರೇಮ್‌ವರ್ಕ್ ಎನ್ನುತ್ತಾರೆ. ಅದರ ಮೇಲೆ ತಮ್ಮ ಸೈಟು ನಿಲ್ಲಿಸಿಕೊಳ್ಳುತ್ತಾರೆ. ನಾನಿರುವ ಕಂಪನಿ ಅಂಥ ಒಂದು ಫ್ರೇಮ್‌ವರ್ಕನ್ನು ನೋಡಿಕೊಳ್ಳುತ್ತದೆ. ಕೆಲವು ತಿಂಗಳಿಗೊಮ್ಮೆ ಅದರ ಹೊಸ ಆವೃತ್ತಿ ಬರುತ್ತದೆ. ಜೊತೆಗೆ ಒಂದು ಟಿಪ್ಪಣಿ ಹೋಗುತ್ತದೆ. ಆ ಟಿಪ್ಪಣಿಯನ್ನು ಬರೆಯುವವಳು ನಾನು.

ಟಿಪ್ಪಣಿಯಲ್ಲಿ ಮೂರು ತಲೆಬರಹಗಳಿರುತ್ತವೆ. ಮೊದಲನೆಯದು ‘ಬ್ರೇಕಿಂಗ್ ಚೇಂಜಸ್’. ನಿಮ್ಮ ಸೈಟು ಇಂದಿನವರೆಗೆ ಮಾಡುತ್ತಿದ್ದ ಕೆಲಸ ಈ ಬದಲಾವಣೆಯಿಂದ ಕೆಡಬಹುದು, ಹಾಕಿಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಿ ಎಂದು ಎಚ್ಚರಿಸುವ ಜಾಗ. ಎರಡನೆಯದು ಹೊಸ ಸೌಲಭ್ಯಗಳು. ಮೂರನೆಯದು ಇತರೆ ಸುಧಾರಣೆಗಳು. ಬಟನ್ನಿನ ಬಣ್ಣ, ಅಕ್ಷರದ ಅಂತರ, ಇಂಥವು ಅಲ್ಲಿರುತ್ತವೆ. ಮೊದಲನೆಯದನ್ನು ಎಲ್ಲರೂ ಓದುತ್ತಾರೆ. ಮೂರನೆಯದನ್ನು ಯಾರೂ ಓದುವುದಿಲ್ಲ. ಈ ವಿಷಯ ಓದುವವರಿಗೂ ಗೊತ್ತು, ಬರೆಯುವವರಿಗೂ ಗೊತ್ತು. ನಾನು ಹೇಳಹೊರಟಿರುವುದರಲ್ಲಿ ಯಾರಿಗೂ ಗೊತ್ತಿಲ್ಲದ್ದು ಏನೂ ಇರಲಿಲ್ಲ. ನನ್ನ ಸಿಟ್ಟು ಇರುವುದು ಅಲ್ಲೇ.

ಆ ಸಲದ ಆವೃತ್ತಿಯಲ್ಲಿ ಒಂದು ನಿಯಮ ಬದಲಾಗಿತ್ತು. ಇಂಗ್ಲಿಷಿನಲ್ಲಿ ನಾನು ಬರೆದದ್ದನ್ನು ಇಲ್ಲಿ ಕನ್ನಡದಲ್ಲಿ ಇಡುತ್ತೇನೆ. “ಇನ್ನು ಮುಂದೆ ಒಂದು ಫೋನ್ ನಂಬರಿಗೆ ಒಬ್ಬರೇ ವ್ಯಕ್ತಿ. ಅದೇ ನಂಬರಿನಲ್ಲಿ ಬೇರೊಬ್ಬರ ಹೆಸರು ಇದ್ದರೆ ಅಥವಾ ಸೇರಿಸಿದರೆ, ಹೊಸದು ಉಳಿದು ಹಳೆಯದು ಅಳಿಸಿಹೋಗುತ್ತದೆ. ಈ ನಿಯಮ ಬೇಡದವರು ಹೊಸ ಆವೃತ್ತಿ ಹಾಕಿಕೊಳ್ಳುವ ಮೊದಲೇ ಇದನ್ನು ನಿಲ್ಲಿಸಿಕೊಳ್ಳಬೇಕು.” ಹಿಂದೆ ಈ ನಿಯಮ ಬೇಕಾದವರು ತಾವಾಗಿ ಹಾಕಿಕೊಳ್ಳಬೇಕಿತ್ತು. ಈಗ ಬೇಡವಾದವರು ತಾವಾಗಿ ತೆಗೆಯಬೇಕು. ಇದು ಯಾವ ತಲೆಬರಹಕ್ಕೆ ಸೇರುತ್ತದೆಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಮೊದಲನೆಯದರ ಕೆಳಗೆ ಹಾಕಿದೆ.

ಮಧ್ಯಾಹ್ನ ನಮ್ಮ ತಂಡದ ಮುಖ್ಯಸ್ಥರು ಕರೆ ಮಾಡಿದರು. ಅಮ್ಮ ತಾರಸಿಯ ಮೇಲೆ ಹುರುಳಿ ಒಣಹಾಕುತ್ತಿದ್ದಳು. ಕಿಟಕಿಯಿಂದ ಅವಳ ಕೈ ಮಾತ್ರ ಕಾಣುತ್ತಿತ್ತು. ಮುಖ್ಯಸ್ಥರು ಮೈಸೂರಿನ ಕಡೆಯವರು. ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಯಾರನ್ನಾದರೂ ಮೆತ್ತಗೆ ಮಾಡಬೇಕಾದಾಗ ಮಾತ್ರ ಕನ್ನಡಕ್ಕೆ ಬರುತ್ತಾರೆ. ಅಂದು ಕನ್ನಡದಲ್ಲೇ ಶುರು ಮಾಡಿದರು.

“ನೀವು ಬರೆದಿರೋದು ಸರಿಯಾಗೇ ಇದೆ. ಜಾಗ ಮಾತ್ರ ಬದಲಾಯಿಸೋಣ.”

“ಜಾಗ ಅಂದ್ರೆ?”

“ಮೊದಲನೇ ಹೆಡ್ಡಿಂಗ್ ಕೆಳಗೆ ಬೇಡ. ಈ ಆವೃತ್ತೀಲಿ ಏನೂ ಮುರಿಯಲ್ಲ, ನಿಶ್ಚಿಂತೆಯಿಂದ ಹಾಕ್ಕೊಳ್ಳಿ ಅಂತ ಆಗಲೇ ಎಲ್ಲರಿಗೂ ಹೇಳಿಬಿಟ್ಟಿದೀವಿ.”

“ಹಾಗೆ ಹೇಳಿದ್ದನ್ನ ತಿದ್ದಬೇಕಲ್ವಾ ಸರ್?”

ಅವರು ನಕ್ಕರು. ಕೆಟ್ಟ ನಗುವಲ್ಲ. “ಒಂದೇ ನಂಬರಲ್ಲಿ ಇಬ್ಬರು ಮೂವರನ್ನ ಯಾರು ಇಟ್ಕೋತಾರೆ ಹೇಳಿ? ಇಟ್ಕೊಂಡಿದ್ರೆ ಅದು ಅವರ ತಪ್ಪು. ನಾವು ಆ ತಪ್ಪನ್ನ ಸರಿ ಮಾಡ್ತಾ ಇದೀವಿ. ಸುಧಾರಣೆನೇ ಅಲ್ವಾ ಅದು?”

“ಅಳಿಸಿಹೋಗುತ್ತೆ ಸರ್. ಕೇಳದೇನೇ ಅಳಿಸುತ್ತೆ.”

“ಆ ‘ಅಳಿಸು’ ಅನ್ನೋ ಪದ ಇದೆಯಲ್ಲ, ಅದು ಬೇಡ. ಓದೋರು ಸುಮ್ನೆ ಹೆದರ್ತಾರೆ.”

ಹೆದರಲಿ ಎಂದೇ ಅದನ್ನು ಬರೆದದ್ದು ಎಂದೆ. ಅವರು, ನಿಮ್ಮ ಕಾಳಜಿ ಅರ್ಥವಾಗುತ್ತದೆ ಎಂದರು. ನನ್ನ ಆಕ್ಷೇಪವನ್ನು ತಂಡದ ಎಲ್ಲರೂ ಓದುವಂತೆ ಬರೆದು ಹಾಕಿದೆ. ಸಂಜೆ ಟಿಪ್ಪಣಿ ಹೊರಗೆ ಹೋಯಿತು. ಮೊದಲ ತಲೆಬರಹದ ಕೆಳಗೆ “ಈ ಆವೃತ್ತಿಯಲ್ಲಿ ಯಾವುದೂ ಇಲ್ಲ” ಎಂದಿತ್ತು. ಮೂರನೆಯದರ ಕೆಳಗೆ, ಬಟನ್ನಿನ ಬಣ್ಣ ಬದಲಾದದ್ದನ್ನು ಹೇಳಿದ ಮೇಲೆ, ನನ್ನದಲ್ಲದ ಒಂದು ಸಾಲಿತ್ತು. “ನಕಲು ದಾಖಲೆಗಳನ್ನು ತಡೆಯಲು ಬಳಕೆದಾರರ ಗುರುತಿಸುವಿಕೆಯನ್ನು ಇನ್ನಷ್ಟು ಚುರುಕುಗೊಳಿಸಲಾಗಿದೆ.”

ಆ ಸಾಲನ್ನು ಇನ್ನೊಮ್ಮೆ ಓದಿ ನೋಡಿ. ಅದರಲ್ಲಿ ಸುಳ್ಳು ಒಂದೂ ಇಲ್ಲ.

ದೊಡ್ಡಮ್ಮನ ಮೂತ್ರಪಿಂಡ ಕೆಟ್ಟು ಎರಡು ವರ್ಷದ ಮೇಲಾಗಿತ್ತು. ವಾರಕ್ಕೆ ಎರಡು ಸಲ ಮಂಡ್ಯಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಒಂದು ಟ್ರಸ್ಟಿನವರು ನಡೆಸುವ ಸಣ್ಣ ಕೇಂದ್ರ. ಕಿರುಗಾವಲಿನ ಒಬ್ಬ ವ್ಯಾನಿನವನು ಅವಳನ್ನು ಕರೆದುಕೊಂಡು ಹೋಗುತ್ತಿದ್ದ. ಅದೇ ವ್ಯಾನಿನಲ್ಲಿ ಇನ್ನಿಬ್ಬರು ರೋಗಿಗಳು. ಒಬ್ಬರು ಕಬ್ಬಿನ ಲಾರಿ ಓಡಿಸಿ ನಿವೃತ್ತರಾದವರು, ಇನ್ನೊಬ್ಬಳು ಮದುವೆಯಾಗಿ ಹೆಚ್ಚು ಕಾಲ ಆಗಿರದ ಹೆಂಗಸು. ಕೇಂದ್ರದಲ್ಲಿ ಹೆಸರು ಬರೆಸುವಾಗ ಮೂವರೂ ಕೊಟ್ಟದ್ದು ವ್ಯಾನಿನವನ ಫೋನ್ ನಂಬರು. ಇದು ನನಗೆ ತಿಳಿದದ್ದು ಆಮೇಲೆ.

ಅವರಿಗೆ ಫೋನ್ ಇರಲಿಲ್ಲವೆಂದಲ್ಲ. ದೊಡ್ಡಮ್ಮನ ಸೊಂಟದಲ್ಲೇ ಒಂದು ಇದೆ. ಸೊಸೆಯ ಕೈಯಲ್ಲಿ ಇನ್ನೂ ದೊಡ್ಡದೊಂದು ಇದೆ. ಹಿಂದಿನ ದಿನ ಸಂಜೆ ಕೇಂದ್ರದಿಂದ ಮೆಸೇಜ್ ಬರುತ್ತದೆ: ನಾಳೆ ಬೆಳಗಿನ ಪಾಳಿಯೋ ಮಧ್ಯಾಹ್ನದ ಪಾಳಿಯೋ ಎಂದು. ಅದು ಗೊತ್ತಾಗಬೇಕಾದದ್ದು ವ್ಯಾನು ತೆಗೆಯುವವನಿಗೆ. ಅವನಿಗೆ ಗೊತ್ತಾದರೆ ಎಲ್ಲರಿಗೂ ಗೊತ್ತಾದಂತೆ. ಸಂಜೆ ಅವನು ಮನೆಮನೆಯ ಮುಂದೆ ಹಾರ್ನ್ ಹೊಡೆದು ಹೇಳಿ ಹೋಗುತ್ತಾನೆ. ಯಾವ ನಂಬರು ಕೊಡಬೇಕೆಂದು ಅವರು ಯೋಚಿಸಿಯೇ ಕೊಟ್ಟಿದ್ದರು. ನಮ್ಮ ತಾಲ್ಲೂಕಿನಲ್ಲಿ ಯಾರನ್ನು ಕೇಳಿದರೂ ಹಾಗೇ ಕೊಡುತ್ತಿದ್ದರು.

ಇನ್ನೊಂದು ರೂಢಿಯನ್ನೂ ಹೇಳಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಎಳನೀರು ಕುಡಿಯಬಾರದು. ಅದರಲ್ಲಿರುವ ಪೊಟ್ಯಾಸಿಯಂ ರಕ್ತದಲ್ಲಿ ಉಳಿದುಕೊಂಡು ಹೃದಯವನ್ನೇ ನಿಲ್ಲಿಸಬಲ್ಲದು. ಹಿತ್ತಿಲ ತುಂಬ ತೆಂಗಿನ ಮರ ಇಟ್ಟುಕೊಂಡು ದೊಡ್ಡಮ್ಮ ಎರಡು ವರ್ಷ ಬಾಯಿ ಕಟ್ಟಿದ್ದಳು, ಒಂದು ವಿನಾಯಿತಿ ಬಿಟ್ಟು. ಮಂಡ್ಯಕ್ಕೆ ಹೋಗುವ ಬೆಳಿಗ್ಗೆ ದಾರಿಯಲ್ಲಿ ವ್ಯಾನು ನಿಲ್ಲುತ್ತದೆ. ವ್ಯಾನಿನವನು ಒಂದು ಎಳನೀರು ಕೊಚ್ಚಿಸುತ್ತಾನೆ. ಅವಳು ಅರ್ಧ ಕುಡಿದು ಉಳಿದದ್ದನ್ನು ಅವನಿಗೆ ಕೊಡುತ್ತಾಳೆ. “ಇನ್ನೊಂದ್ ಗಳ್ಗೇಲಿ ಮಿಸಿನ್ನೇ ಎಲ್ಲಾನೂವೆ ತೊಳ್ದಾಕ್ತದೆ ಬುಡು,” ಎನ್ನುತ್ತಾಳೆ. ಡಾಕ್ಟರರಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತು. ವಾರಕ್ಕೆ ಎರಡು ಅರ್ಧ ಎಳನೀರನ್ನು ಅವಳಿಂದ ಕಿತ್ತುಕೊಳ್ಳುವ ಮನಸ್ಸು ನಮಗ್ಯಾರಿಗೂ ಬರಲಿಲ್ಲ. ಯಂತ್ರ ಇತ್ತು. ಪಾಳಿ ಇತ್ತು. ಒಂದು ಸಲವೂ ತಪ್ಪಿರಲಿಲ್ಲ.

ಟಿಪ್ಪಣಿ ಹೊರಗೆ ಹೋದ ಕೆಲವು ದಿನಗಳ ಮೇಲೆ ಕೇಂದ್ರದಲ್ಲಿ ಏನಾಯಿತೆಂಬುದನ್ನು ನಾನು ಕಣ್ಣಾರೆ ಕಂಡಿಲ್ಲ. ವ್ಯಾನಿನವನು ಹೇಳಿದ್ದು, ಅವನ ವ್ಯಾನಿನಲ್ಲಿದ್ದ ಆ ಹೆಂಗಸು ಹೇಳಿದ್ದು, ಎರಡೂ ಹೊಂದಿಕೊಂಡ ಕಡೆ ಮಾತ್ರ ಬರೆಯುತ್ತಿದ್ದೇನೆ.

ಹಿಂದಿನ ಸಂಜೆ ವ್ಯಾನಿನವನ ಫೋನಿಗೆ ಮೂರರ ಬದಲು ಒಂದೇ ಮೆಸೇಜ್ ಬಂದಿತ್ತು. ಸಿಗ್ನಲ್ ಸರಿಯಿಲ್ಲ, ಉಳಿದವು ಆಮೇಲೆ ಬರುತ್ತವೆ ಅಂದುಕೊಂಡು ಮೂವರಿಗೂ ಬೆಳಗಿನ ಪಾಳಿ ಎಂದು ಹೇಳಿದ. ಬೆಳಿಗ್ಗೆ ಎಂದಿನಂತೆ ಎಳನೀರಿಗೆ ನಿಂತರು. ಕೇಂದ್ರದ ಗೋಡೆಯ ಟೀವಿಯಲ್ಲಿ ಆ ಪಾಳಿಯವರ ಹೆಸರುಗಳು ಬರುತ್ತವೆ. ಅಂದು ಆ ಹೆಂಗಸಿನ ಹೆಸರು ಮಾತ್ರ ಬಂತು. ಅವಳು ತಿಂಗಳ ಹಿಂದೆ ಯಾವುದೋ ವಿವರ ತಿದ್ದಿಸಿದ್ದಳು. ಹಾಗಾಗಿ ಮೂವರಲ್ಲಿ ಅವಳದೇ ಹೊಸ ದಾಖಲೆ. ಅವಳು ಉಳಿದಳು. ಇನ್ನಿಬ್ಬರು ಅಳಿಸಿಹೋಗಿದ್ದರು.

“ಮೂರ್ ಜನ ಇಳ್ದಿವಿ, ಒಬ್ಬುಳೆಸ್ರು ಬತ್ತಾ ಅದೆ ಕಣಕ್ಕ,” ಎಂದು ವ್ಯಾನಿನವನು ಆಮೇಲೆ ನನಗೆ ಹೇಳಿದ. “ಮಿಕ್ದೋರ್ ಎಸ್ರು ಎಲ್ಲೋಯ್ತು ಅಂದ್ರೆ, ನೀವು ಬುಕ್ ಮಾಡಿಲ್ಲ ಅಂತಾಳೆ ಕೌಂಟ್ರೋಳು. ಎಲ್ಡ್ ವರ್ಸದಿಂದ ವಾರವಾರ ಕರ್ಕಬತ್ತಾ ಇವ್ನಿ, ಇವ್ರು ನಿನ್ ಕಣ್ಗೆ ಕಾಣಾಕಿಲ್ವಾ ಅಂದೆ. ಏನಂದ್ಲು ಗೊತ್ತಾ? ಕಾಣ್ತಾರೆ ಅಣ್ಣ, ಸಿಸ್ಟಮಲ್ಲಿ ಕಾಣ್ತಿಲ್ವಲ್ಲ ಅಂದ್ಲು.”

ಆ ಕೌಂಟರಿನ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳ ಮುಂದಿನ ಪರದೆಯಲ್ಲಿ ಎರಡು ಜಾಗ ಖಾಲಿ ತೋರಿಸಿತ್ತು. ಕಾಯುತ್ತಿದ್ದ ಬೇರೆ ಇಬ್ಬರನ್ನು ಹಿಂದಿನ ದಿನವೇ ಅಲ್ಲಿಗೆ ಹಾಕಿದ್ದಳು. ಅವರು ಆಗಲೇ ಯಂತ್ರದ ಪಕ್ಕ ಮಲಗಿದ್ದರು. ಅವರಿಗೂ ಅದು ಜೀವದ ಪ್ರಶ್ನೆ. ಎಬ್ಬಿಸಿ ಎಂದು ಯಾರು ಹೇಳುತ್ತಾರೆ?

ಹೇಳಿದವಳು ಒಬ್ಬಳು ಇದ್ದಳು, ಆದರೆ ಬೇರೆಯವರನ್ನಲ್ಲ, ತನ್ನನ್ನೇ. ಆ ಹೆಂಗಸು ಕೌಂಟರಿಗೆ ಹೋಗಿ, “ನನ್ ಜಾಗದಲ್ಲಿ ಈ ಅವ್ವುನ್ನ ಮಲುಗ್ಸಿ, ನಾನ್ ನಾಳೆ ಬತ್ತೀನಿ,” ಎಂದಳಂತೆ. ಹಾಗೆಲ್ಲ ಬದಲಾಯಿಸಲು ಬರುವುದಿಲ್ಲ ಎಂದರು. ಬಂದಿದ್ದರೂ ದೊಡ್ಡಮ್ಮ ಒಪ್ಪುತ್ತಿರಲಿಲ್ಲ. “ನೀನ್ ಓಗ್ ಮಲಿಕ್ಕೊ ಮಗ. ನಂಗೇನಾಗದೆ, ಗುಂಡ್ಕಲ್ ಇದ್ದಂಗಿವ್ನಿ,” ಎಂದು ಅವಳ ಬೆನ್ನು ತಟ್ಟಿ ಕಳಿಸಿದಳು. ಲಾರಿಯವರ ಮಗ ಮದ್ದೂರಿನಲ್ಲಿ ಯಾರನ್ನೋ ಹಿಡಿದು ಅವರನ್ನು ಅಂದೇ ಬೇರೆ ಕಡೆ ಸೇರಿಸಿದ. ದೊಡ್ಡಮ್ಮನಿಗೆ, ನಾಳೆ ಬನ್ನಿ, ನೋಡೋಣ ಎಂದರು. ಅವಳು ಎಳನೀರಿನ ಮಾತನ್ನು ಯಾರಿಗೂ ಹೇಳಲಿಲ್ಲ. ಬೈಸಿಕೊಳ್ಳಬೇಕಾಗುತ್ತದೆಂದು.

ಮರುದಿನ ಬೆಳಕು ಹರಿಯುವಾಗ ಅವಳ ಮಗನ ಫೋನ್ ಬಂತು. ನಿನ್ನೆ ಡಯಾಲಿಸಿಸ್ ಆಗಲಿಲ್ಲ, ಕಾಲಲ್ಲಿ ಶಕ್ತಿ ಇಲ್ಲ ಅಂತಿದಾಳೆ, ಉಸಿರು ಕಟ್ಟುತ್ತಾ ಇದೆ, ಮಂಡ್ಯಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದ. ನಾನು ಮಳವಳ್ಳಿಯಿಂದ ಸಿಕ್ಕಿದ ಬಸ್ಸು ಹತ್ತಿದೆ. ಇಲ್ಲಿಂದ ಮುಂದಿನದು ನಾನೇ ಕಂಡದ್ದು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅವಳನ್ನು ಮಲಗಿಸಿದ್ದರು. ಎದೆಗೆ ವೈರುಗಳು. ತಲೆಯ ಪಕ್ಕದ ಪರದೆಯಲ್ಲಿ ಒಂದು ಹಸಿರು ಗೆರೆ. ಅದು ಎದ್ದು ಬಿದ್ದು ಓಡಬೇಕಾದದ್ದು. ಅಗಲಗಲವಾಗಿ, ಸೋತವರು ಮೆಟ್ಟಿಲು ಹತ್ತಿದ ಹಾಗೆ ಏಳುತ್ತಿತ್ತು. ಡಾಕ್ಟರು ಏನು ತಿಂದಿದ್ದಾರೆ, ಏನು ಕುಡಿದಿದ್ದಾರೆ ಎಂದು ಕೇಳುತ್ತಿದ್ದರು. ಅವಳ ಮಗ, ಏನೂ ಇಲ್ಲ ಸಾರ್, ರಾಗಿ ಮುದ್ದೆ ಅಷ್ಟೇ ಎನ್ನುತ್ತಿದ್ದ. ನಾನು ಮುಂದೆ ಹೋಗಿ ಹೇಳಿದೆ: ನಿನ್ನೆ ಬೆಳಿಗ್ಗೆ ಎಳನೀರು, ಡಯಾಲಿಸಿಸ್ ಆಗಿಲ್ಲ. ಡಾಕ್ಟರು ನನ್ನ ಮುಖವನ್ನೊಮ್ಮೆ ನೋಡಿ ನರ್ಸಿನ ಕಡೆ ತಿರುಗಿ ಏನೋ ಹೇಳಿದರು. ಎಲ್ಲರೂ ಬೇಗಬೇಗ ಓಡಾಡತೊಡಗಿದರು. ಆ ಗೆರೆ ಒಮ್ಮೆ ಏಳಲಿಲ್ಲ. ಮಲಗಿದ ಹಾಗೇ ಹೋಯಿತು. ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು.

ಉಳಿದಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರನ್ನು ಕಾಯಿಸುವ ಮನಸ್ಸು ನನಗಿಲ್ಲ. ಎದೆಯೊತ್ತಿ, ಸೂಜಿ ಹಾಕಿ, ಅಲ್ಲಿಯ ಯಂತ್ರಕ್ಕೆ ಹಾಕಿ ಉಳಿಸಿಕೊಂಡರು. ಎದೆಯೊತ್ತುವಾಗ ಪಕ್ಕೆಲುಬು ಮುರಿಯಿತು. ಆಮೇಲೆ ಬಹಳ ದಿನ ಅವಳು ನಗುವಾಗಲೂ ಪಕ್ಕೆ ಹಿಡಿದುಕೊಳ್ಳುತ್ತಿದ್ದಳು.

ಆದರೆ ಬಾಗಿಲು ಹಾಕಿದ್ದ ಆ ಹೊತ್ತಿನಲ್ಲಿ ನಮಗೆ ಏನೂ ಗೊತ್ತಿರಲಿಲ್ಲ. ವ್ಯಾನಿನವನು ಗೋಡೆಗೆ ಒರಗಿ ಕುಂತು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. “ನಂದೇ ತಪ್ಪು ಕಣಕ್ಕ. ಮೂರ್ ಮೆಸೇಜ್ ಬತ್ತಿತ್ತು, ಒಂದೇ ಬಂದದೆ. ನನ್ ಫೋನಿಗೇ ಬರೋದು ಮೂವರ್ದೂವೆ. ನಾನ್ ಫೋನ್ ಮಾಡಿ ಕೇಳ್ಬೇಕಾಗಿತ್ತು.”

ಮೂವರದೂ ನಿನ್ನ ನಂಬರಿಗಾ ಎಂದು ಕೇಳಿದೆ. ಹೌದು ಎಂದ. ಒಂದು ನಂಬರಿಗೆ ಒಬ್ಬರೇ ವ್ಯಕ್ತಿ. ಹೊಸದು ಉಳಿದು ಹಳೆಯದು ಅಳಿಸಿಹೋಗುತ್ತದೆ. ಆ ಸಾಲನ್ನು ಬರೆದವಳು ನಾನು. ಅದನ್ನು ತೆಗೆದವರು ಬೇರೆ. ತಪ್ಪು ನನ್ನದು ಎಂದು ತಲೆ ಚಚ್ಚಿಕೊಳ್ಳುತ್ತಿರುವವನು ಇವನು. ಅವನ ಭುಜ ಹಿಡಿದು, ನಿನ್ನ ತಪ್ಪು ಏನೂ ಇಲ್ಲ ಕಣಪ್ಪ ಎಂದೆ. ನನ್ನ ದನಿ ಎಷ್ಟು ಗಟ್ಟಿಯಾಗಿ ಬಂತೆಂದರೆ ಅವನು ಬೆಚ್ಚಿ ನೋಡಿದ.

ದೊಡ್ಡಮ್ಮ ಕಣ್ಣು ಬಿಟ್ಟ ಮೇಲೆ ನಾನು ಕೇಂದ್ರಕ್ಕೆ ಹೋಗಿ, ಅವರ ಪಾಳಿಯ ಸೈಟು ಮಾಡಿಕೊಟ್ಟವರು ಯಾರೆಂದು ಕೇಳಿ, ನೂರಡಿ ರಸ್ತೆಯ ಹಿಂದಿನ ಬೀದಿಯಲ್ಲಿದ್ದ ಅವರ ಆಫೀಸಿಗೆ ಹೋದೆ. ಎರಡು ಕೋಣೆ, ನಾಲ್ಕು ಕಂಪ್ಯೂಟರು. ನನ್ನ ವಯಸ್ಸಿನವನೇ ಒಬ್ಬ. ನಾನು ಹೇಳುವ ಮೊದಲೇ ಅವನಿಗೆ ಸುದ್ದಿ ತಿಳಿದಿತ್ತು, ಕಣ್ಣು ಕೆಂಪಾಗಿತ್ತು. ಯಾವ ಫ್ರೇಮ್‌ವರ್ಕ್ ಎಂದು ಕೇಳಿದೆ. ಹೇಳಿದ. ನಮ್ಮದೇ.

“ಹೊಸ ವರ್ಷನ್ ಯಾವಾಗ ಹಾಕಿದ್ರಿ?”

“ಮೊನ್ನೆ. ಮೇಡಂ, ನಾನ್ ಓದ್ದೆ ಹಾಕೋನಲ್ಲ. ಮೊದಲ್ನೇ ಹೆಡ್ಡಿಂಗ್ ನೋಡ್ದೆ. ಯಾವುದೂ ಇಲ್ಲ ಅಂತ ದಪ್ಪಕ್ಷರದಲ್ಲಿ ಇತ್ತು. ಇಲ್ಲ ಅಂದ್ಮೇಲೆ ಇನ್ನೇನ್ ನೋಡ್ಲಿ? ಎಲ್ಲೋ ಅಮೇರಿಕಾದಲ್ಲಿ ಕುಂತ್ಕೊಂಡು ಯಾವನೋ ಬರೀತಾನೆ. ಅವ್ನ್‌ಗೇನ್ ಗೊತ್ತು ಕಿರುಗಾವ್ಲು?”

“ಅದನ್ನ ಬರೆಯೋದು ನಾನು,” ಎಂದೆ. “ಮಳವಳ್ಳೀಲಿ ಕೂತ್ಕೊಂಡು.”

“ಈ ಒತ್ನಲ್ಲಿ ತಮಾಸೆ ಮಾಡ್ಬೇಡಿ ಮೇಡಂ.”

ನಾನು ಬರೆದಿದ್ದ ಕರಡನ್ನು ಅವನ ಪರದೆಯಲ್ಲೇ ತೆರೆದು ತೋರಿಸಿದೆ. ಪಕ್ಕದಲ್ಲಿ ಹೊರಗೆ ಹೋದ ಟಿಪ್ಪಣಿ. ಅವನು ಎರಡನ್ನೂ ನಿಧಾನವಾಗಿ ಓದಿದ. ಮೂರನೇ ತಲೆಬರಹದವರೆಗೆ ಇಳಿದು, ಬಟನ್ ಬಣ್ಣದ ಕೆಳಗಿನ ಆ ಸಾಲಿನ ಮೇಲೆ ಬೆರಳಿಟ್ಟ.

“ಇದಾ? ಇದಾ ಅದು? ಇದ್ನ ಓದಿದ್ರೂ ನಂಗ್ ಗೊತ್ತಾಗ್ತಿರ್ಲಿಲ್ವಲ್ರೀ!” ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. “ಮಳವಳ್ಳಿಯೋರ್ ಬರ್ದು, ಮಂಡ್ಯದೋನ್ ಓದಿ, ಕಿರುಗಾವ್ಲಮ್ಮುನ್ ಜೀವಕ್ ಬಂತು. ಮಧ್ಯದಲ್ಲಿ ಬಂದೋನ್ ಯಾವನ್ರೀ ಅವ್ನು?”

ನಾನು ಹೆಸರು ಹೇಳಲಿಲ್ಲ. ಇಲ್ಲಿಯೂ ಹೇಳುವುದಿಲ್ಲ. ಅವನು ಕುಳಿತು ಆ ನಿಯಮವನ್ನು ನಿಲ್ಲಿಸಿದ. ಒಂದು ಸಾಲಿನ ಕೆಲಸ. ಹಳೆಯ ಪ್ರತಿಯಿಂದ ಅಳಿದ ಹೆಸರುಗಳನ್ನು ತಂದು ಸೇರಿಸಿದ. ದೊಡ್ಡಮ್ಮನ ಹೆಸರು ಪರದೆಯ ಮೇಲೆ ಬಂತು. ಒಂದು ಸಾಲು. ಸರಿಯಾದ ತಲೆಬರಹದ ಕೆಳಗೆ ಇದ್ದಿದ್ದರೆ ಅವನು ಆ ಒಂದು ಸಾಲನ್ನು ಮೊನ್ನೆಯೇ ಬರೆಯುತ್ತಿದ್ದ.

ಆಸ್ಪತ್ರೆಯ ಹೊರಗೆ ಟೀ ಅಂಗಡಿಯ ಪಕ್ಕ ನಿಂತು ಮುಖ್ಯಸ್ಥರಿಗೆ ಫೋನ್ ಮಾಡಿದೆ. ಕೂಗಬಾರದೆಂದು ನಿರ್ಧರಿಸಿದ್ದೆ. ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಎಳನೀರನ್ನೂ ಬಿಡಲಿಲ್ಲ, ಬಿಟ್ಟರೆ ನಾನೂ ಅವರ ಹಾಗೆ ಬರೆದಂತಾಗುತ್ತಿತ್ತು. ಅವರು ಪೂರ್ತಿ ಕೇಳಿದರು.

“ಛೆ, ತುಂಬಾ ಬೇಜಾರಾಯ್ತು. ಈಗ ಹೇಗಿದಾರೆ?”

“ಇದಾರೆ.”

“ದೇವರ ದಯೆ. ಆದ್ರೆ… ತಪ್ಪು ತಿಳ್ಕೋಬೇಡಿ. ನೀವೇ ಹೇಳಿದ್ರಲ್ಲ, ಎಳನೀರು ಕುಡಿದಿದ್ರು ಅಂತ. ಕುಡೀಬಾರದಿತ್ತು, ಅಲ್ವಾ? ಹಾಗಾಗಿ ಪೂರ್ತಿ ನಮ್ಮ ಬದಲಾವಣೆಯಿಂದಲೇ ಆಯ್ತು ಅಂತ ಹೇಳೋದು ಕಷ್ಟ. ಇದೊಂದು ತೀರಾ ಅಪರೂಪದ ಕೇಸು.”

ಅಂಗಡಿಯವನು ಟೀ ಸೋಸುತ್ತಿದ್ದ. ಅಂಗಡಿಯ ಬೆಂಚಿನ ಅಂಚು ಹಿಡಿದುಕೊಂಡೆ.

“ಸರ್, ಯಂತ್ರ ಇದೆ ಅಂತ ನಂಬಿ ಅವಳು ಕುಡಿದಳು. ಎರಡು ವರ್ಷ ಇತ್ತು. ಅದನ್ನ ತೆಗೆದವರು ನೀವು. ತೆಗೆದು, ಏನೂ ಬದಲಾಗಿಲ್ಲ ಅಂತ ದಪ್ಪಕ್ಷರದಲ್ಲಿ ಬರೆದವರು ನೀವು. ಈಗ ಅವಳು ಯಾಕೆ ನಂಬಿದಳು ಅಂತ ನನ್ನ ಕೇಳ್ತಿದೀರಾ?”

“ನೀವು ಈಗ ಭಾವುಕರಾಗಿದೀರಿ…”

“ಆಗಿದೀನಿ. ನಾನು ಬರೆದಾಗ ಆಗಿರಲಿಲ್ಲ. ಆಗ ನೀವು ಓದಿದ್ರಿ. ‘ಅಳಿಸು’ ಅನ್ನೋ ಪದ ಬೇಡ ಅಂದ್ರಿ. ಅಂದ್ರೆ ಅಳಿಸುತ್ತೆ ಅಂತ ನಿಮಗೆ ಗೊತ್ತಿತ್ತು.”

ಅವರು ಇಂಗ್ಲಿಷಿಗೆ ತಿರುಗಿ, ಇದನ್ನು ನಾಳೆ ಚರ್ಚಿಸೋಣ ಎಂದರು.

ನಾಳೆಯವರೆಗೆ ನಾನು ಕಾಯಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಕಂಪನಿಯ ಸೈಟಿನಲ್ಲಿದ್ದ ಟಿಪ್ಪಣಿಯನ್ನು ಫೋನಿನಲ್ಲೇ ತೆರೆದು, ಮೊದಲ ತಲೆಬರಹದ ಕೆಳಗಿನ “ಯಾವುದೂ ಇಲ್ಲ” ಎಂಬುದನ್ನು ತೆಗೆದು ನನ್ನ ಹಳೆಯ ಸಾಲನ್ನು ಹಾಕಿದೆ. ಸಂಜೆಯ ಹೊತ್ತಿಗೆ ಯಾರೋ ಅದಕ್ಕೆ “ಅಪರೂಪದ ಸಂದರ್ಭಗಳಲ್ಲಿ” ಎಂದು ಸೇರಿಸಿದ್ದರು. ತೆಗೆದೆ. ಮತ್ತೆ ಸೇರಿಸಿದರು. ಮತ್ತೆ ತೆಗೆದೆ. ಅಷ್ಟರಲ್ಲಿ ಮಂಡ್ಯದವನು ಎಲ್ಲರೂ ನೋಡುವ ಜಾಗದಲ್ಲಿ, ರೋಗಿಯ ಹೆಸರಿಲ್ಲದೆ, ಏನಾಯಿತೆಂದು ಬರೆದ. ಅದರ ಕೆಳಗೆ ಬೇರೆ ಊರುಗಳವರು, ಬೇರೆ ದೇಶಗಳವರು ಬರೆಯತೊಡಗಿದರು. ಒಂದು ಶಾಲೆಯಲ್ಲಿ ಅಕ್ಕ ತಂಗಿಯರು ಅಮ್ಮನ ನಂಬರು ಕೊಟ್ಟಿದ್ದರು. ತಂಗಿ ಉಳಿದು ಅಕ್ಕಂದಿರು ಹಾಜರಿಯಿಂದ ಹೋಗಿದ್ದರು. ಒಂದು ವೃದ್ಧಾಶ್ರಮದವರು ಎಲ್ಲರಿಗೂ ಆಫೀಸಿನ ನಂಬರನ್ನೇ ಹಾಕಿದ್ದರು. ಅಪರೂಪ ಎಂದವರು ಎಷ್ಟು ಜನರನ್ನು ನೋಡಿ ಹಾಗೆಂದಿದ್ದರು? ತಮ್ಮ ಆಫೀಸಿನಲ್ಲಿದ್ದವರನ್ನು.

‘ಅಪರೂಪ’ ಎಂಬ ಪದ ಕೊನೆಗೆ ಹೋಯಿತು. ಕ್ಷಮೆ ಯಾರೂ ಕೇಳಲಿಲ್ಲ. ಮೊದಲ ದಿನ ಮೇಲ್‌ನಲ್ಲಿ ಹೋದ ಟಿಪ್ಪಣಿಯನ್ನು ವಾಪಸು ಕರೆಯಲು ಬರುವುದಿಲ್ಲ. ಅದು ಯಾರ್ಯಾರ ಬಳಿಯೋ ಈಗಲೂ “ಯಾವುದೂ ಇಲ್ಲ” ಎಂದು ಹೇಳುತ್ತಾ ಕುಳಿತಿದೆ. ಕೆಲಸ ಬಿಟ್ಟೆಯಾ ಎಂದು ಕೇಳುವವರಿದ್ದಾರೆ. ಬಿಟ್ಟಿಲ್ಲ. ನಾನು ಬಿಟ್ಟರೆ ಆ ಮೊದಲ ತಲೆಬರಹದ ಕೆಳಗೆ ಯಾರು ಬರೆಯುತ್ತಾರೆಂದು ನನಗೆ ಗೊತ್ತು. ಮುಖ್ಯಸ್ಥರು ಈಗ ನನ್ನೊಡನೆ ಕನ್ನಡದಲ್ಲಿ ಮಾತಾಡುವುದಿಲ್ಲ.

ಆಸ್ಪತ್ರೆಯಿಂದ ಬಂದು ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮನ ಜೊತೆ ನಾನೂ ವ್ಯಾನಿನಲ್ಲಿ ಹೋದೆ. ಮೂವರೂ ಇದ್ದರು. ಲಾರಿಯವರು ಮುಂದಿನ ಸೀಟಿನಲ್ಲಿ ಕುಳಿತು ವ್ಯಾನಿನವನಿಗೆ ಗೇರು ಹಾಕುವುದನ್ನು ಕಲಿಸುತ್ತಿದ್ದರು. “ಅಣ್ಣೋ, ಇದು ಕಬ್ಬಿನ್ ಲಾರಿ ಅಲ್ಲ,” ಎಂದು ಅವನು ಗೊಣಗುತ್ತಿದ್ದ. ಎಳನೀರಿನವನ ಹತ್ತಿರ ಬಂದಾಗ ಅಭ್ಯಾಸಬಲದಿಂದ ವ್ಯಾನು ನಿಧಾನವಾಯಿತು.

“ನಿಲ್ಲುಸ್ಬ್ಯಾಡ ಕಣ್ಲಾ,” ಎಂದಳು ದೊಡ್ಡಮ್ಮ. “ಮೊದ್ಲು ಎಸ್ರು ಬರ್ಲಿ.”

ಆದರೂ ಅವನು ಇಳಿದು, ಒಂದು ಎಳನೀರು ಕೆತ್ತಿಸಿಕೊಂಡು, ಟವೆಲಿನಲ್ಲಿ ಸುತ್ತಿ ತನ್ನ ಸೀಟಿನ ಕೆಳಗೆ ಇಟ್ಟುಕೊಂಡ.

ಕೇಂದ್ರದಲ್ಲಿ ಅವಳು ಕುರ್ಚಿಯಲ್ಲಿ ಕೂರಲಿಲ್ಲ. ಚೀಲವನ್ನೂ ಕೆಳಗಿಡಲಿಲ್ಲ. ಟೀವಿಯ ಕೆಳಗೆ ನಿಂತು, ಓದಲು ಬಾರದ ಅಕ್ಷರಗಳನ್ನು ಕತ್ತೆತ್ತಿ ನೋಡುತ್ತಾ, “ನನ್ನೆಸ್ರು ಅದಾ ಮಗ?” ಎಂದು ಕೌಂಟರಿನವಳನ್ನು ಕೇಳಿದಳು. ಇದೆ ಎಂದಳು. “ವಸಿ ಸರ್ಯಾಗ್ ನೋಡು.” ಇದೆ ಅಜ್ಜಿ, ಇಲ್ಲೇ ಇದೆ ಎಂದಳು. ದೊಡ್ಡಮ್ಮ ನನ್ನ ಕಡೆ ತಿರುಗಿದಳು. ನಾನು ಓದಿ, ಹೌದು ಎಂದೆ. ಎರಡು ವರ್ಷ ಒಮ್ಮೆಯೂ ಕೇಳದಿದ್ದವಳು ಈಗ ಪ್ರತಿ ಸಲ ಹೀಗೇ ಕೇಳುತ್ತಾಳಂತೆ.

ಒಳಗೆ ಮಲಗಿಸಿ ಸೂಜಿ ಹಾಕಿ ಕೊಳವೆ ಜೋಡಿಸಿದರು. ನರ್ಸ್ ಬೇರೆ ಮಂಚದ ಕಡೆ ಹೋದಾಗ ವ್ಯಾನಿನವನು ಟವೆಲು ಹಿಡಿದು ಒಳಗೆ ಬಂದ. ಒಂದು ಸ್ಟ್ರಾ ಹಾಕಿ ಅವಳ ಬಾಯಿಯ ಹತ್ತಿರ ಹಿಡಿದ. ಅವಳು ತಕ್ಷಣ ಕುಡಿಯಲಿಲ್ಲ.

“ಮಿಸಿನ್ನು ತಿರುಗ್ತಾ ಅದಾ?” ಎಂದು ನನ್ನನ್ನು ಕೇಳಿದಳು.

ನಾನು ಬಗ್ಗಿ ನೋಡಿದೆ. ಅವಳ ತೋಳಿನಿಂದ ಹೊರಟ ಕೆಂಪು ಕೊಳವೆ ಯಂತ್ರದಲ್ಲಿ ರಕ್ತ ತಳ್ಳುವ ಗಾಲಿಯ ಸುತ್ತ ಹೋಗಿ, ಮತ್ತೆ ತೋಳಿಗೆ ಬರುತ್ತಿತ್ತು. ಗಾಲಿ ಒಂದು ಸುತ್ತು ಪೂರ್ತಿ ತಿರುಗುವುದನ್ನು ನೋಡಿದೆ. ಇನ್ನೊಂದು ಸುತ್ತನ್ನೂ ನೋಡಿದೆ.

“ತಿರುಗ್ತಾ ಅದೆ ದೊಡ್ಡವ್ವ,” ಎಂದೆ.

ಆಮೇಲೆ ಅವಳು ಕುಡಿದಳು.